ನಲವತ್ತಮೂರು ಪದ ಹೆಚ್ಚು

ಹಂಪನಕಟ್ಟೆಯಲ್ಲಿ, ಮೆಟ್ಟಿಲಡಿ, ನನ್ನ ಅಂಗಡಿ:
ಎರಡು ಕಂಪ್ಯೂಟರ್, ಒಂದು ಝೆರಾಕ್ಸ್,
ಬಿಸಿಯಾಗಲು ಐದು ನಿಮಿಷ ಬೇಡುವ ಲ್ಯಾಮಿನೇಷನ್ ಮಿಷನ್.
ಡಿಸೆಂಬರ್ ಬಂತೆಂದರೆ
ಬಾಡಿಗೆ ಕರಾರು, ಅಫಿಡವಿಟ್ಟುಗಳ ನಡುವೆ
ಪಿಯುಸಿ ಮಕ್ಕಳು ತಮ್ಮ ಜೀವನ ತರುತ್ತಾರೆ,
ನೋಟ್‌ಬುಕ್ಕಿನ ನಡುಹಾಳೆ ಹರಿದು, ಎರಡೂ ಮಗ್ಗುಲು ಬರೆದು.
ಪುಟಕ್ಕೆ ಇಪ್ಪತ್ತು ರೂಪಾಯಿ.

ದೂರದ ಕಾಲೇಜಿನವರಿಗೆ ಮಾರ್ಕು ಸಾಲದಂತೆ,
ಮನುಷ್ಯ ಹೇಗೆ ಅಂತ ಗೊತ್ತಾಗಬೇಕಂತೆ,
ಅದೂ ಆರುನೂರ ಐವತ್ತು ಪದದೊಳಗೆ.

ಒಬ್ಬನ ಮೊಣಕಾಲು ಕಬಡ್ಡಿಯಲ್ಲಿ ಮುರಿದು
ಕೊನೆಯ ಪ್ಯಾರಾದಲ್ಲಿ ಕೂಡಿಕೊಂಡಿತು.
ಒಬ್ಬಳ ಅಜ್ಜಿ ಮೊದಲ ಸಾಲಿಗೇ ತೀರಿಕೊಂಡರು;
ಅದೇ ಅಜ್ಜಿ ಹಿಂದಿನ ದಿನ ಬಂದು
ಪೆನ್ಶನ್ ಪುಸ್ತಕ ಝೆರಾಕ್ಸ್ ಮಾಡಿಸಿಕೊಂಡು
ಚಿಲ್ಲರೆಗೆ ಜಗಳ ಆಡಿ ಹೋಗಿದ್ದರು.
ನಾನು ಎಂತ ಹೇಳುದು? ಸ್ಪೆಲ್ಲಿಂಗ್ ಮಾತ್ರ ನೋಡುವುದು.

ಬೆಂಗ್ರೆಯ ನುಸೈಬಾ ಮೂರು ಸಲ ಬಂದು
ಖಾಲಿ ಹಾಳೆ ಹಿಡಿದು ಕೂತಳು.
"ನನಗೆ ಎಂತದೂ ಆಗಲೇ ಇಲ್ಲ ಆಂಟಿ.
ಬಾಪ ಇದ್ದಾರೆ. ಉಮ್ಮನಿಗೆ ಶುಗರ್ ಕೂಡ ಇಲ್ಲ.
ಅಣ್ಣ ಬೈಯುವುದೂ ಕಡಿಮೆ.
ಎಂತ ಬರೀಲಿ?"
ಅವಳಿಗೆ ಅಳು ಬಂದದ್ದು
ಅಳುವಂಥದ್ದು ಒಂದೂ ಇಲ್ಲ ಅಂತ.

ಈಗ ಗಂಟೆ ಎಂಟು, ಮನೆಗೆ ಹೇಗೆ ಹೋಗ್ತಿ? ಕೇಳಿದೆ.
ಅದನ್ನೇ ಬರಿ.

ಬರೆದಳು. ಬಂದರಿನ ದಕ್ಕೆ, ಆಚೆ ದಡದಲ್ಲಿ ಬೆಂಗ್ರೆ,
ನಡುವೆ ಡೀಸೆಲಿನ ಬಣ್ಣಗಳು ತೇಲುವ ನದಿ.
ಟ್ಯೂಷನ್ ಮುಗಿಸಿ ಓಡಿ ಬರುವಷ್ಟರಲ್ಲಿ
ಕಡೆಯ ದೋಣಿಯ ಹೊತ್ತು ಮೀರಿರುತ್ತದೆ.
ದೋಣಿ ಮಾತ್ರ ಇರುತ್ತದೆ.
ವಾಮನ ಪುತ್ರನ್ ಹಗ್ಗ ಬಿಚ್ಚುತ್ತಾ ಇರುತ್ತಾರೆ,
ಬಿಚ್ಚಿದ್ದನ್ನು ಕಟ್ಟುತ್ತಾರೆ, ಮತ್ತೆ ಬಿಚ್ಚುತ್ತಾರೆ,
ಕೂತವರು ಗದರಿದರೆ
ಗಂಟು ಬಿಗಿ ಆಗಿದೆ ಮಾರಾಯ್ರೆ ಅನ್ನುತ್ತಾರೆ.
ಎರಡು ವರ್ಷ ಬಿಗಿ ಇತ್ತು ಆ ಗಂಟು.
ಒಂದು ದಿನವೂ ಇವಳತ್ತ ತಿರುಗಿ ನೋಡಿದ್ದಿಲ್ಲ.

"ಇಷ್ಟೇ ಆಂಟಿ," ಅಂದಳು,
ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಟೈಪ್ ಮಾಡಿದೆ. ಆರುನೂರ ತೊಂಬತ್ತಮೂರು.
ಪರದೆಯ ಮೂಲೆಯಲ್ಲಿ ಲೆಕ್ಕ ಕೆಂಪಾಯಿತು.
ಭಾರ ಹೆಚ್ಚಾದ ದೋಣಿಯಿಂದ ಜನ ಇಳಿಸಬೇಕು,
ಯಾರನ್ನು?
ಡೀಸೆಲ್ ಹೋಯಿತು.
ಖಾಲಿ ಬುಟ್ಟಿ ಮಗುಚಿ ಕೂರುತ್ತಿದ್ದ ಮೀನಿನ ಹೆಂಗಸು
ತಾನು ಕೊಟ್ಟ ಚಕ್ಕುಲಿಯ ಸಮೇತ ಹೋದಳು.
'ತುಂಬಾ'ಗಳೆಲ್ಲ ಹೋದವು.
ಇನ್ನೂ ಎರಡು ಉಳಿಯಿತು.
ನುಸೈಬಾ ಉಗುರು ಕಚ್ಚುತ್ತಿದ್ದಳು.
ನಾನೇ ಅಳಿಸಿದೆ: ವಾಮನ. ಪುತ್ರನ್.
ಮೊದಲೇ ಇದ್ದ 'ದೋಣಿಯವರು' ಸಾಕಾಯಿತು.
ಲೆಕ್ಕ ಹಸುರಾಯಿತು.

ಉತ್ತರ ಬರುವುದು ಮಾರ್ಚ್ ಕೊನೆಗಂತೆ.
ಫೆಬ್ರವರಿಯಲ್ಲಿ, ಮಧ್ಯಾಹ್ನ, ಒಬ್ಬರು ಬಂದರು ಆಧಾರ್ ಝೆರಾಕ್ಸಿಗೆ.
ಕಾರ್ಡನ್ನು ಗಾಜಿನ ಮೇಲೆ ಬೋರಲಿಟ್ಟೆ,
ಬೆಳಕು ಹಾದು ಹೋಯಿತು,
ಹಾಳೆಯಲ್ಲಿ ಬೆಚ್ಚಗೆ ಎದ್ದು ಬಂತು ಹೆಸರು.
"ಬಾಯಮ್ಮ, ಆ ಹುಡುಗಿ ಹೇಳಿತು,
ನನ್ನ ಹೆಸರು ಫಾರಿನ್ನಿಗೆ ಹೋಗಿ ಆಗಿದೆ ಅಂತ. ಹೌದಾ?"

ಹುಡುಗಿಗೆ ಗೊತ್ತಿತ್ತು. ನನಗೂ.
"ಹೌದು," ಅಂದೆ.
ಅಳಿಸುವ ಮೊದಲಿನದ್ದು ಯಾಕೋ ಉಳಿಸಿಟ್ಟಿದ್ದೆ,
ಅದನ್ನು ಪ್ರಿಂಟ್ ತೆಗೆದೆ.
ಎಲ್ಲಿ, ಅಂದರು. ತೋರಿಸಿದೆ.
ಅವರೂ ಬೆರಳಿಟ್ಟರು ಅಲ್ಲೇ,
ಹಗ್ಗ ಎಳೆದೆಳೆದು ಗೆರೆ ಸವೆದು
ರೇಷನ್ ಅಂಗಡಿಯ ಮಿಷನ್ನಿಗೆ ಗುರುತು ಸಿಗದ ಬೆರಳು.

"ಎಂತ ಬರೆದದ್ದು ನನ್ನ ಬಗ್ಗೆ?"
"ಗಂಟು ಬಿಗಿ ಇತ್ತು ಅಂತ."
ನಗಲಿಲ್ಲ. ಸ್ವಲ್ಪ ಹೊತ್ತು ರಸ್ತೆ ನೋಡಿದರು.
"ಇದಕ್ಕೊಂದು ಪ್ಲಾಸ್ಟಿಕ್ ಹಾಕಿ ಕೊಡಿ.
ದೋಣಿಯಲ್ಲಿ ನೀರು ಹಾರ್ತದೆ."

ಮಿಷನ್ ಬಿಸಿಯಾಗಲು ಐದು ನಿಮಿಷ ಉಂಟು, ಅಂದೆ.
ಅವರು ಸ್ಟೂಲ್ ಎಳೆದು ಕೂತರು.